ಹೃದಯದ ನಕ್ಷೆ ಬಡವನಿಗೂ ಸಲ್ಲಬೇಕು



ತುರ್ಭೆಯ ಮಾರುಕಟ್ಟೆಯಲ್ಲಿ ಮೂಟೆ ಹೊರುವವರಿಗೂ ಹೋಟೆಲಿನ ಒಲೆಯ ಮುಂದೆ ನಿಲ್ಲುವವರಿಗೂ ಎದೆ ಹೊಡೆದುಕೊಳ್ಳುವುದು ಹೊಸತಲ್ಲ. ಆದರೆ ಸುಮ್ಮನೆ ಕುಳಿತಿದ್ದಾಗ ಎದೆ ಥಟ್ಟನೆ ನಿಮಿಷಕ್ಕೆ 150, 200 ಸಲ ಬಡಿದು, ಥಟ್ಟನೆ ಶಾಂತವಾದರೆ ಅದನ್ನು ದಣಿವೆಂದೋ ವಾಯುವೆಂದೋ ತಳ್ಳಿಬಿಡಬಾರದು. ಹೃದಯದೊಳಗೆ ವಿದ್ಯುತ್ತು ಹರಿಯುವ ದಾರಿಯಲ್ಲಿ ಒಂದು ಕಳ್ಳದಾರಿ ಇರಬಹುದು. ಬಡಿತ ಏರಿರುವಾಗಲೇ ಇ.ಸಿ.ಜಿ. ತೆಗೆಸಿ, ಆ ಪಟ್ಟಿಯನ್ನು ಜೋಪಾನವಾಗಿಡಿರಿ.

ಇಂತಹ ಅನೇಕ ರೋಗಗಳಿಗೆ ಎದೆ ಸೀಳದೆಯೇ ಚಿಕಿತ್ಸೆಯುಂಟು. ತೊಡೆಸಂದಿಯ ರಕ್ತನಾಳದಿಂದ ಕ್ಯಾತಿಟರ್ ಎಂಬ ತೆಳು ನಳಿಕೆಯನ್ನು ಹೃದಯಕ್ಕೇರಿಸಿ, ಅದರ ತುದಿಯ ಕಾವಿನಿಂದ ದೋಷವಿರುವ ಚಿಕ್ಕ ಜಾಗವನ್ನು ಸುಡುತ್ತಾರೆ. ಕಣ್ಣಿಗೆ ಕಾಣದ ಆ ಜಾಗವನ್ನು ವೈದ್ಯರು ಕಾಣುವುದು ಹೇಗೆ? ಹಳೆಯ ವಿಧಾನ ಎಕ್ಸ್-ರೇ. ಅದು ನಳಿಕೆಯನ್ನು ಚೆನ್ನಾಗಿ ತೋರಿಸುತ್ತದೆ, ಹೃದಯದ ಮಾಂಸವನ್ನು ತೋರಿಸುವುದಿಲ್ಲ. ಅದರ ಕಿರಣ ರೋಗಿಯ ಮೇಲೆ ಬೀಳುತ್ತದೆ. ಸೀಸದ ಮೇಲಂಗಿ ಹೊತ್ತು ಬೆನ್ನುನೋವು ತಿನ್ನುವ ಟೆಕ್ನಿಶಿಯನ್, ನರ್ಸುಗಳ ಮೇಲೂ ಚದುರಿ ಬೀಳುತ್ತದೆ. ಅವರೂ ದುಡಿಯುವವರೇ.

ಹೊಸ ವಿಧಾನದಲ್ಲಿ ಅಯಸ್ಕಾಂತ ಕ್ಷೇತ್ರ ಅಥವಾ ಅಲ್ಪ ವಿದ್ಯುತ್ತಿನ ಸಹಾಯದಿಂದ ನಳಿಕೆಯ ತುದಿಯನ್ನು ಗುರುತಿಸಿ, ಕಂಪ್ಯೂಟರು ಹೃದಯದ ನಕ್ಷೆ ಬಿಡಿಸುತ್ತದೆ. ಯಾವ ಜಾಗಕ್ಕೆ ವಿದ್ಯುತ್ತು ಯಾವಾಗ ಮುಟ್ಟಿತೆಂಬುದನ್ನು ಬಣ್ಣದಲ್ಲಿ ತೋರಿಸುತ್ತದೆ. ಎಕ್ಸ್-ರೇ ಬಹಳ ಕಡಿಮೆ ಸಾಕು. ಕೆಲವು ಸಲ ಬೇಕಾಗುವುದೇ ಇಲ್ಲ.

ಈ ನಕ್ಷೆಗೆ ಖರ್ಚು ಹೆಚ್ಚು. ಬಡವನಿಗೆ ಎಕ್ಸ್-ರೇ ಸಾಕು ಎಂಬ ಮಾತಿದೆ. ಇದು ಅರ್ಧ ಸತ್ಯ. ಸರಳವಾದ ಕೆಲವು ಕಳ್ಳದಾರಿಗಳು ನುರಿತ ಕೈಯಲ್ಲಿ ಎಕ್ಸ್-ರೇಯಿಂದಲೇ ಗುಣವಾಗುತ್ತವೆ. ಅಲ್ಲಿ ನಕ್ಷೆಯಿಲ್ಲದೆ ಆಗದೆಂದು ಹಣ ಕೇಳಿದರೆ ಏಕೆಂದು ಕೇಳುವುದು ನಮ್ಮ ಹಕ್ಕು. ಆದರೆ ಹೃದಯಾಘಾತದ ಕಲೆಯಿಂದ ಹುಟ್ಟಿದ ತೊಡಕಿನ ಬಡಿತಕ್ಕೆ ನಕ್ಷೆಯೇ ದಾರಿದೀಪ. ಅಲ್ಲಿ ಜೇಬು ನೋಡಿ ಅದನ್ನು ಕೈಬಿಡುವುದು ಅನ್ಯಾಯ. ಗರ್ಭಿಣಿಗೂ ಎಳೆಯರಿಗೂ ಕಡಿಮೆ ಕಿರಣವೆಂಬುದು ಷೋಕಿಯಲ್ಲ. ಯಾವ ವಿಧಾನವೆಂಬುದನ್ನು ರೋಗ ನಿರ್ಣಯಿಸಬೇಕು, ಪಗಾರವಲ್ಲ.

ಈ ವಿದ್ಯೆ ಶ್ರೀಮಂತರ ಆಸ್ಪತ್ರೆಗಳಲ್ಲಿ ಮಾತ್ರವಿದೆಯೆಂದು ತಿಳಿಯಬೇಡಿರಿ. ಪರೇಲಿನ ಕೆ.ಇ.ಎಂ. ಮುನಿಸಿಪಾಲಿಟಿಯ ಆಸ್ಪತ್ರೆ, ತುರ್ಭೆಯಿಂದ ವಾಶಿ, ಅಲ್ಲಿಂದ ಕುರ್ಲಾ, ಮುಂದೆ ಪರೇಲ್. ಊರಿಗೆ ಹೋದವರಿಗೆ ಬೆಂಗಳೂರಿನಲ್ಲಿ ಸರಕಾರದ ಜಯದೇವ ಸಂಸ್ಥೆಯಿದೆ. ಇ.ಎಸ್.ಐ. ಇದ್ದವರನ್ನು ಅಲ್ಲಿಲ್ಲದ ಚಿಕಿತ್ಸೆಗೆ ಬೇರೆ ಆಸ್ಪತ್ರೆಗೆ ಕಳಿಸಿಕೊಡುವ ಏರ್ಪಾಡಿದೆ. 2019ರಲ್ಲಿ ಗೊತ್ತಾದ ದರದಂತೆ ಅದಕ್ಕೆ ನೌಕರನ ಪಾಲು ಪಗಾರದ ನೂರಕ್ಕೆ 0.75, ಮಾಲೀಕರ ಪಾಲು 3.25.

ಆದುದರಿಂದ ನಮ್ಮ ಒತ್ತಾಯವಿಷ್ಟೆ: ಹೋಟೆಲು ಮಾಲೀಕರು ಒಬ್ಬ ಹುಡುಗನನ್ನೂ ಬಿಡದೆ ರಿಜಿಸ್ಟರಿನಲ್ಲಿ ಹೆಸರು ಬರೆಯಲಿ. ಹೆಸರೇ ಇಲ್ಲದವನನ್ನು ಯಾವ ಆಸ್ಪತ್ರೆಗೆ ಕಳಿಸಿಕೊಟ್ಟಾರು? ಬಂಧುಗಳೇ, ನಿಮ್ಮ ವಿಮಾ ನಂಬರನ್ನು ಈ ವಾರವೇ ಕೇಳಿ ಪಡೆಯಿರಿ.