ಬಾಲದ ಅಕ್ಷರವೂ ಪೈಲಟ್ ಲೈಸೆನ್ಸೂ

ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ. ಮಾಕುಟ್ಟದ ಘಾಟಿ ಇಳಿದು ಕಣ್ಣೂರಿಗೆ ಹೋಗಬೇಕು, ಇಲ್ಲವೆ ಮೈಸೂರು, ಮಂಗಳೂರು ಹಿಡಿಯಬೇಕು. ಆದರೂ ಹಾರಾಟದ ಹಂಬಲ ಈ ಜಿಲ್ಲೆಗೆ ಹೊಸದೇನಲ್ಲ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಯಲ್ಲಿ, ತಮ್ಮ ಮಿಸ್ಟೇರ್ ವಿಮಾನಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರನ್ನು ಉರುಳಿಸಿ ಮಡಿದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಇಲ್ಲಿಯವರೇ. ಮಹಾವೀರ ಚಕ್ರ ಅವರಿಗೆ ಸಂದದ್ದು ಮಾತ್ರ 1988ರಲ್ಲಿ. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ.

ವಾಯುಸೇನೆಗೆ ಸೇರಿದವರಿಗೆ ಹಾರಲು ಕಲಿಸುವ ಖರ್ಚು ಸರ್ಕಾರದ್ದು. ಏರ್‌ಲೈನ್ ಪೈಲಟ್ ಆಗಬೇಕೆನ್ನುವವರ ಖರ್ಚು ಮನೆಯವರದ್ದು, ಅದೂ ಹತ್ತಾರು ಲಕ್ಷದ ಲೆಕ್ಕ. ಒಕ್ಕದ ಜಂಟಿ ಹೆಸರಿನಲ್ಲಿರುವ ಜಮ್ಮಾ ಜಮೀನಿನ ಮೇಲೆ ಸಾಲ ಹುಟ್ಟುವುದು ಸುಲಭವಲ್ಲ. ಸ್ವಂತ ಹೆಸರಿನ ಕಾಫಿ ತೋಟವನ್ನೇ ಅಡವಿಡಬೇಕಾಗುತ್ತದೆ. ಆದ್ದರಿಂದ ಮಗನನ್ನೋ ಮಗಳನ್ನೋ ಅಮೆರಿಕಕ್ಕೋ ದಕ್ಷಿಣ ಆಫ್ರಿಕಕ್ಕೋ ಕಳುಹಿಸುವ ಮುನ್ನ ಒಂದು ಸಂಗತಿಯನ್ನು ತಿಳಿದಿರಬೇಕು. ಅಲ್ಲಿ ಸಿಗುವ ಲೈಸೆನ್ಸು ಅಲ್ಲಿಯದು, ಇಲ್ಲಿಯದಲ್ಲ.

ಏಕೆ? ವಿಮಾನದ ಬಾಲದ ಹತ್ತಿರ ಬರೆದಿರುವ ಅಕ್ಷರಗಳನ್ನು ಗಮನಿಸಿ. ನಮ್ಮ ದೇಶದಲ್ಲಿ ನೋಂದಾಯಿತವಾದ ವಿಮಾನಕ್ಕೆ ‘ವಿಟಿ’ ಎಂದಿರುತ್ತದೆ. ಅಮೆರಿಕದ್ದಕ್ಕೆ ‘ಎನ್’, ದುಬೈ ಸೇರಿದ ಯುಎಇಯದ್ದಕ್ಕೆ ‘ಎ6’, ಸಿಂಗಪುರದ್ದಕ್ಕೆ ‘9ವಿ’. 1944ರ ಷಿಕಾಗೊ ಒಪ್ಪಂದದ 32ನೇ ವಿಧಿಯ ಪ್ರಕಾರ, ದೇಶದಿಂದ ದೇಶಕ್ಕೆ ಹಾರುವ ವಿಮಾನದ ಪೈಲಟ್‌ಗೆ ಲೈಸೆನ್ಸು ಕೊಡಬೇಕಾದದ್ದು ಅಥವಾ ಅವನ ಬೇರೆ ಲೈಸೆನ್ಸನ್ನು ಮಾನ್ಯ ಮಾಡಬೇಕಾದದ್ದು ಆ ವಿಮಾನ ನೋಂದಣಿಯಾದ ದೇಶ. ಪೈಲಟ್ ಯಾವ ದೇಶದ ಪ್ರಜೆ ಎಂಬುದು ಅಲ್ಲಿ ಮುಖ್ಯವಲ್ಲ. ಹಾರಿದ ಗಂಟೆಗಳು ಲಾಗ್ ಪುಸ್ತಕದಲ್ಲಿ ಉಳಿಯುತ್ತವೆ, ಎಲ್ಲ ದೇಶವೂ ಅವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಲೈಸೆನ್ಸನ್ನು ಮಾತ್ರ ಹೋದಲ್ಲೆಲ್ಲ ಹೊಸದಾಗಿ ಸಂಪಾದಿಸಬೇಕು.

ಹೊರಗೆ ಕಲಿತು ಬಂದವರಿಗೆ ಇಲ್ಲಿ ವಿಮಾನಯಾನ ಮಹಾ ನಿರ್ದೇಶನಾಲಯ, ಅಂದರೆ ಡಿಜಿಸಿಎ, ಎರಡು ಪತ್ರಿಕೆಗಳ ಪರೀಕ್ಷೆ ನಡೆಸುತ್ತದೆ: ವಾಯು ನಿಯಮಗಳದ್ದೊಂದು, ದಿಕ್ಕು ನಿರ್ಣಯ ಮತ್ತು ಹವಾಮಾನ ಶಾಸ್ತ್ರ ಕೂಡಿದ್ದು ಇನ್ನೊಂದು. ಇದರ ಜೊತೆಗೆ ರೇಡಿಯೊ ಸಂಭಾಷಣೆಯ ಪರೀಕ್ಷೆ. ಇದು ದೂರಸಂಪರ್ಕ ಇಲಾಖೆಯ ಕೈಯಲ್ಲಿತ್ತು. 2025ರ ಜನವರಿಯಲ್ಲಿ ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮ ಅದನ್ನೂ ಡಿಜಿಸಿಎಗೆ ವಹಿಸಿತು.

‘ಅಲ್ಲಿ ಪಾಸಾದ ಮೇಲೆ ಮತ್ತೆ ಏಕೆ?’ ಎಂದು ಗೊಣಗುವವರಿದ್ದಾರೆ. ಭೌತಶಾಸ್ತ್ರ ಓದಿದ ವಿದ್ಯಾರ್ಥಿಗೆ ಉತ್ತರ ಸುಲಭ. ವಿಮಾನದ ಎತ್ತರಮಾಪಕ ನಿಜವಾಗಿ ಅಳೆಯುವುದು ಗಾಳಿಯ ಒತ್ತಡವನ್ನು. ಅಮೆರಿಕದಲ್ಲಿ ಆ ಒತ್ತಡವನ್ನು ಪಾದರಸದ ಇಂಚುಗಳಲ್ಲಿ ಹೇಳುತ್ತಾರೆ, ನಮ್ಮಲ್ಲಿ ಹೆಕ್ಟೊಪ್ಯಾಸ್ಕಲ್‌ನಲ್ಲಿ. ಅಲ್ಲಿಯ 29.92 ಇಂಚು ಇಲ್ಲಿಯ 1013.25. ಈಗ ಮಳೆಗಾಲದ ಒಂದು ದಿನ ಕೆಳಗಿನಿಂದ ‘992’ ಎಂದು ಕೇಳಿಸಿತೆನ್ನಿ. ಅಮೆರಿಕದ ಅಭ್ಯಾಸದ ಕಿವಿ ಅದನ್ನು 29.92 ಎಂದು ತಿಳಿದು ಹಾಗೆಯೇ ತಿರುಗಿಸಿದರೆ ವ್ಯತ್ಯಾಸ 21 ಹೆಕ್ಟೊಪ್ಯಾಸ್ಕಲ್. ಒಂದಕ್ಕೆ ಸುಮಾರು 28 ಅಡಿಯಂತೆ, ಮಾಪಕ ತೋರಿಸುವುದಕ್ಕಿಂತ ವಿಮಾನ ಸುಮಾರು 600 ಅಡಿ ಕೆಳಗಿರುತ್ತದೆ! ಬೆಟ್ಟಗಳ ನಾಡಿನವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಅರಿಜೋನಾದ ಒಣ ಆಕಾಶದಲ್ಲಿ ಕಲಿತವರು ಜುಲೈ ತಿಂಗಳ ಪಶ್ಚಿಮ ಘಟ್ಟದ ಮೋಡವನ್ನು ಕಂಡಿರುವುದೂ ಇಲ್ಲ.

ಪೋಷಕರು ಎಡವುವ ಜಾಗಗಳು ಬೇರೆಯೇ ಇವೆ. ಎಲ್ಲಕ್ಕಿಂತ ಮೊದಲು ವೈದ್ಯಕೀಯ ಪರೀಕ್ಷೆ. ವಿದೇಶದ ವೈದ್ಯರ ಪ್ರಮಾಣಪತ್ರ ಇಲ್ಲಿನ ಲೈಸೆನ್ಸಿಗೆ ಸಲ್ಲುವುದಿಲ್ಲ. ಡಿಜಿಸಿಎಯ ಎರಡನೇ ದರ್ಜೆ, ಅನಂತರ ಮೊದಲ ದರ್ಜೆಯ ತಪಾಸಣೆ ಆಗಬೇಕು. ಮೊದಲ ದರ್ಜೆಯದನ್ನು ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲೂ ಮಾಡುತ್ತಾರೆ. ಬಣ್ಣ ಗುರುತಿಸುವುದರಲ್ಲಿ ದೋಷವಿದ್ದರೆ ತೋಟ ಅಡವಿಡುವ ಮೊದಲೇ ಗೊತ್ತಾಗುವುದು ಒಳ್ಳೆಯದಲ್ಲವೆ? ಎರಡನೆಯದು ಗಂಟೆಗಳು. ನಮ್ಮಲ್ಲಿ ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಬೇಕು. ಅಮೆರಿಕದ ಒಂದು ಬಗೆಯ ಮಾನ್ಯತೆ ಪಡೆದ ಶಾಲೆಗಳಲ್ಲಿ 190 ಗಂಟೆಗೇ ಲೈಸೆನ್ಸು ಸಿಗಬಹುದು. ಉಳಿದ ಹತ್ತನ್ನು ಅಲ್ಲೇ ಹಾರಿ ಮುಗಿಸದೆ ಬಂದರೆ ಇಲ್ಲಿ ಮತ್ತೆ ವಿಮಾನ ಹುಡುಕಬೇಕು, ಮತ್ತೆ ದುಡ್ಡು ಕಟ್ಟಬೇಕು.

ಕಲಿತಲ್ಲೇ ಕೆಲಸ ಹಿಡಿಯಬಹುದೆಂಬ ಆಸೆಯನ್ನು ಏಜೆಂಟರು ಬಿತ್ತುತ್ತಾರೆ. ಅದನ್ನು ನಂಬುವುದಕ್ಕಿಲ್ಲ. ವಿದ್ಯಾರ್ಥಿ ವೀಸಾದ ಮೇಲೆ ಹೋದವರಿಗೆ ಉದ್ಯೋಗದ ಹಕ್ಕು ತಾನಾಗಿ ಬರುವುದಿಲ್ಲ. ಸಾಲದ್ದಕ್ಕೆ, 2009ರ ಬಫಲೋ ಅಪಘಾತದ ನಂತರ 2013ರಲ್ಲಿ ಬಂದ ನಿಯಮದಂತೆ ಅಮೆರಿಕದ ಏರ್‌ಲೈನ್‌ಗಳಲ್ಲಿ ಸಹ ಪೈಲಟ್‌ಗೂ ಸಾಮಾನ್ಯವಾಗಿ 1500 ಗಂಟೆ ಬೇಕು. ಯುರೋಪಿನಲ್ಲಿ ಏರ್‌ಲೈನ್ ಲೈಸೆನ್ಸಿಗೆ 13 ವಿಷಯಗಳ ಪರೀಕ್ಷೆ. ಬ್ರಿಟನ್ 2020ರ ಕೊನೆಗೆ ಆ ವ್ಯವಸ್ಥೆಯಿಂದ ಹೊರಬಿದ್ದ ಮೇಲೆ ಲಂಡನ್ನಿನ ಲೈಸೆನ್ಸು ಪ್ಯಾರಿಸ್ಸಿನ ಕಂಪನಿಗೆ ಸಲ್ಲದು.

ಹೊರದೇಶದ ಬಾಗಿಲು ತೆರೆಯುವುದು ಅನುಭವ ಇದ್ದವರಿಗೆ. ಬೆಂಗಳೂರಿನ ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ ಹಾರಾಟ ನಿಲ್ಲಿಸಿದಾಗ, ಸಾವಿರಾರು ಗಂಟೆ ಹಾರಿದ್ದ ಪೈಲಟ್‌ಗಳು ಬೇರೆಡೆ ಅರ್ಜಿ ಹಾಕಬಲ್ಲವರಾಗಿದ್ದರು. ಆಗತಾನೆ ಲೈಸೆನ್ಸು ಪಡೆದವರಿಗೆ ಆ ದಾರಿಯೂ ಇರಲಿಲ್ಲ. ಹಾಗಾಗಿ ಇಲ್ಲಿಯ ಲೈಸೆನ್ಸು, ಇಲ್ಲಿಯ ಕೆಲಸ, ಕೆಲವು ವರ್ಷಗಳ ಗಂಟೆಗಳು, ಆಮೇಲೆ ದುಬೈ ಅಥವಾ ದೋಹಾ ಎಂಬ ಕ್ರಮವೇ ಕ್ಷೇಮ. ಹೊರಡುವಾಗಲೂ ತಕ್ಷಣ ಬಿಟ್ಟು ಹೋಗಲಾಗದು. 2017ರ ಡಿಜಿಸಿಎ ನಿಯಮ ಫಸ್ಟ್ ಆಫೀಸರ್‌ಗೆ ಆರು ತಿಂಗಳ, ಕಮಾಂಡರ್‌ಗೆ ಒಂದು ವರ್ಷದ ನೋಟಿಸನ್ನು ಗೊತ್ತುಪಡಿಸಿತು.

ಇನ್ನು ಹೊರಗೆ ಕಲಿತು ಮುಗಿಸಿದವರು ಅಲ್ಲಿಂದ ಹೊರಡುವ ಮುನ್ನವೇ ಮಾಡಬೇಕಾದ ಕೆಲಸವೊಂದಿದೆ. ಲೈಸೆನ್ಸು ಅಸಲಿಯೇ ಎಂದು ಡಿಜಿಸಿಎ ಆ ದೇಶದ ಪ್ರಾಧಿಕಾರದಿಂದ ಖಚಿತಪಡಿಸಿಕೊಳ್ಳುತ್ತದೆ. ಲಾಗ್ ಪುಸ್ತಕದ ಪ್ರತಿ ಪುಟಕ್ಕೂ ಶಾಲೆಯ ಸಹಿ, ಮೊಹರು ಇದೆಯೇ ಎಂದು ಅಲ್ಲಿದ್ದಾಗಲೇ ನೋಡಿಕೊಂಡರೆ, ಮುಂದೆ ಒಂದು ಸಹಿಗಾಗಿ ಸಮುದ್ರದಾಚೆಗೆ ಪತ್ರ ಬರೆಯುತ್ತ ಕೂರುವುದು ತಪ್ಪುತ್ತದೆ.