‘ಹಂಸ’ದ ಖರ್ಚು ಯಾರ ಲೆಕ್ಕಕ್ಕೆ?

ಕಳೆದ ಮಾಘದಲ್ಲಿ ದೊಡ್ಡಮ್ಮನನ್ನು ಕಾಶಿಗೆ ಕರೆದುಕೊಂಡು ಹೋಗಿದ್ದೆ. ವಿಶ್ವನಾಥ, ಅನ್ನಪೂರ್ಣೆ, ಕಾಲಭೈರವ, ಗಂಗಾರತಿ ಎಲ್ಲ ಮುಗಿದು ಒಂದು ಮಧ್ಯಾಹ್ನ ಬಿಡುವಾಯಿತು. ಆಟೋ ಮಾಡಿಕೊಂಡು ಲಮ್ಹಿಗೆ ಹೋಗಿ ಬರುತ್ತೇನೆ ಅಂದೆ. ‘ಅಲ್ಲಿ ಯಾವ ದೇವರು?’ ಎಂದು ಕೇಳಿದರು. ದೇವರಲ್ಲ ದೊಡ್ಡಮ್ಮ, ಪ್ರೇಮಚಂದ್ ಅಂತ ಒಬ್ಬ ಲೇಖಕರು, ಅವರು ಹುಟ್ಟಿದ ಊರು, ಅವರ ಸ್ಮಾರಕ ಇದೆ ಅಂದೆ. ತಾವೂ ಬರುತ್ತೇನೆ ಎಂದು ಹೊರಟರು. ದಾರಿಯಲ್ಲಿ ಅವರ ಬಗ್ಗೆ ಹೇಳುತ್ತ ಹೋದೆ. ಬರೆದರು, ಪ್ರೆಸ್ ಹಾಕಿದರು, ಪತ್ರಿಕೆ ನಡೆಸಿದರು, ನಷ್ಟ ಮಾಡಿಕೊಂಡರು, ಸಾಲ ತೀರಿಸಲು ಬಾಂಬೆಗೆ ಹೋದರು, ತಿರುಗಿ ಬಂದು ಮತ್ತೆ ಪತ್ರಿಕೆ ನಡೆಸಿದರು, ಕಾಯಿಲೆ ಬಿದ್ದು ತೀರಿಕೊಂಡರು.

ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ಅಲ್ಲ, ಅಷ್ಟು ದಿನ ಮನೆ ಹೇಗೆ ನಡೀತು?’

ಈ ಪ್ರಶ್ನೆಗೆ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಪ್ರೇಮಚಂದ್ ಅವರ ಕಥೆಗಳನ್ನು ಓದಿದ್ದೇನೆ, ಎರಡನ್ನು ಅನುವಾದಿಸಿಯೂ ಇದ್ದೇನೆ. ‘ಇಷ್ಟೆಲ್ಲ ನಷ್ಟವಾದರೂ ಹೇಗೆ ಬಿಡದೆ ಮುಂದುವರಿಸಿದರು’ ಎಂದು ಎಷ್ಟೋ ಸಲ ಬೆರಗುಪಟ್ಟಿದ್ದೇನೆ. ಮುಂದುವರಿಸಿದ್ದು ಯಾರ ದುಡ್ಡಿನಲ್ಲಿ ಎಂದು ಕೇಳಿಕೊಂಡಿರಲಿಲ್ಲ. ಊರಿಗೆ ಬಂದ ಮೇಲೆ ಅದನ್ನೇ ಹುಡುಕಿಕೊಂಡು ಓದಿದೆ.

ಧನಪತ್ ರಾಯ್ 1880ರಲ್ಲಿ ಲಮ್ಹಿಯಲ್ಲಿ ಹುಟ್ಟಿದವರು. ಸರ್ಕಾರಿ ಶಾಲೆಯ ಕೆಲಸದಲ್ಲಿದ್ದರು. ಮೊದಲ ಕಥಾಸಂಗ್ರಹ ‘ಸೋಜ್-ಎ-ವತನ್’ ಸರ್ಕಾರದ ಕೆಂಗಣ್ಣಿಗೆ ಬಿದ್ದ ಮೇಲೆ ಪ್ರೇಮಚಂದ್ ಎಂಬ ಹೆಸರಿನಲ್ಲಿ ಬರೆಯತೊಡಗಿದರು. 1921ರಲ್ಲಿ ಗೋರಖಪುರದಲ್ಲಿ ಗಾಂಧೀಜಿಯ ಭಾಷಣ ಕೇಳಿ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಎರಡು ವರ್ಷದ ನಂತರ ಬನಾರಸಿನಲ್ಲಿ ಸರಸ್ವತಿ ಪ್ರೆಸ್ ತೆರೆದರು. ಅದು ಲಾಭ ತರಲಿಲ್ಲ. ಲಖನೌಗೆ ಹೋಗಿ ನವಲ್ ಕಿಶೋರ್ ಪ್ರೆಸ್ಸಿನ ‘ಮಾಧುರಿ’ಗೆ ಸಂಪಾದಕರಾದರು. 1930ರಲ್ಲಿ ಸ್ವಂತ ಮಾಸಿಕ ‘ಹಂಸ’ ಶುರುಮಾಡಿದರು. ‘ಹಂಸ’ ನಷ್ಟದಲ್ಲಿ ನಡೆಯುತ್ತಿರುವಾಗಲೇ 1932ರಲ್ಲಿ ‘ಜಾಗರಣ’ ಎಂಬ ಇನ್ನೊಂದು ಪತ್ರಿಕೆಯನ್ನೂ ವಹಿಸಿಕೊಂಡರು. ಮುಳುಗುವ ದೋಣಿಯಲ್ಲಿರುವವರು ಇನ್ನೊಂದು ದೋಣಿಯನ್ನೂ ಕಟ್ಟಿಕೊಂಡ ಹಾಗೆ. ಬರೆಯುವವರ ಈ ಹುಚ್ಚು ನನಗೆ ಚೆನ್ನಾಗಿ ಗೊತ್ತು, ಆದ್ದರಿಂದ ನಗುವ ಹಕ್ಕಿಲ್ಲ.

1934ರಲ್ಲಿ ಸಾಲ ಹೊರಲಾಗದೆ ಬಾಂಬೆಯ ಅಜಂತಾ ಸಿನೆಟೋನ್ ಕಂಪನಿಗೆ ಚಿತ್ರಕಥೆ ಬರೆಯಲು ಹೋದರು. ವರ್ಷಕ್ಕೆ 8000 ರೂಪಾಯಿ, ಆ ಕಾಲಕ್ಕೆ ದೊಡ್ಡ ಮೊತ್ತ. ಅಲ್ಲಿ ಅವರು ಬರೆದ ಸಿನಿಮಾ ‘ಮಜ್ದೂರ್’. ಗಿರಣಿ ಕಾರ್ಮಿಕರ ಕಷ್ಟದ ಕಥೆ. ಕಾರ್ಮಿಕರ ಮುಖಂಡನಾಗಿ ತಾವೇ ಒಂದು ಸಣ್ಣ ಪಾತ್ರದಲ್ಲಿ ಕಾಣಿಸಿಕೊಂಡರು. ಸೆನ್ಸಾರಿನವರು ಬಾಂಬೆಯಲ್ಲಿ ಅದನ್ನು ತೋರಿಸಲು ಬಿಡಲಿಲ್ಲ. ಅದೇ ಹೊತ್ತಿಗೆ ಬನಾರಸಿನಲ್ಲಿ ಅವರದೇ ಸರಸ್ವತಿ ಪ್ರೆಸ್ಸಿನ ಕೆಲಸಗಾರರು ಮುಷ್ಕರ ಹೂಡಿದರು. ಕಾರಣ, ಸಂಬಳ ಬಾಕಿ. ಆ ಸಿನಿಮಾದ ಪ್ರೇರಣೆಯಿಂದಲೇ ಮುಷ್ಕರ ನಡೆಯಿತು ಎಂಬ ಮಾತೂ ಇದೆ. ಸಂಬಳ ಬಾರದವರು ಮುಷ್ಕರ ಹೂಡಲು ಸಿನಿಮಾ ಬೇರೆ ನೋಡಬೇಕೇ?

ಈ ಸಂಗತಿಯನ್ನು ಸಾಮಾನ್ಯವಾಗಿ ವಿಧಿಯ ವ್ಯಂಗ್ಯ ಎಂಬಂತೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ನನಗೆ ಅಲ್ಲಿಂದ ಮುಂದೆ ಹೋಗಲಾಗಲಿಲ್ಲ. ‘ಹಂಸ’ ಓದುಗರಿಗೆ ತಲುಪಬೇಕಾದರೆ ಮೊಳೆ ಜೋಡಿಸುವವನು ಮೊಳೆ ಜೋಡಿಸಬೇಕು, ಯಂತ್ರ ತಿರುಗಿಸುವವನು ತಿರುಗಿಸಬೇಕು, ಇನ್ನೊಬ್ಬ ಮಡಚಿ ಹೊಲಿಯಬೇಕು. ಸಂಪಾದಕರಿಗೆ ನಷ್ಟದಲ್ಲೂ ಒಂದು ಸಾರ್ಥಕತೆ ಸಿಗುತ್ತಿತ್ತು, ಹೆಸರು ಸಿಗುತ್ತಿತ್ತು, ಹೊಸ ಲೇಖಕರ ಪ್ರೀತಿ ಸಿಗುತ್ತಿತ್ತು. ಮೊಳೆ ಜೋಡಿಸುವವನಿಗೆ ಸಿಗಬೇಕಾಗಿದ್ದುದು ಸಂಬಳ ಒಂದೇ. ಅದು ಬರಲಿಲ್ಲ. ಪ್ರೇಮಚಂದ್ ಕೆಟ್ಟ ಮಾಲೀಕರಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಬಡವರ ಹೊಟ್ಟೆಯ ಬಗ್ಗೆ ಅವರಷ್ಟು ಬರೆದವರು ಕಡಿಮೆ. ಅಂಥವರ ಪ್ರೆಸ್ಸಿನಲ್ಲೇ ಹೀಗಾಯಿತಲ್ಲ ಎಂಬುದೇ ನನ್ನ ಸಂಕಟ.

ಪ್ರತಿಫಲ ನಿಧಾನವಾಗಿ ಬರುವ ಕೆಲಸ ಮಾಡುವವರಿಗೆ ಸಿಗುವ ಸಲಹೆಗಳು ಎಲ್ಲರಿಗೂ ಗೊತ್ತು. ಫಲಾಪೇಕ್ಷೆ ಇಲ್ಲದೆ ಬರೆಯಿರಿ. ದಿನಕ್ಕೆ ಐನೂರು ಪದ ಬರೆಯಿರಿ. ಓದುಗರ ಸಂಖ್ಯೆ ನೋಡಬೇಡಿ. ಇವು ಸುಳ್ಳಲ್ಲ. ಆದರೆ ಇವೆಲ್ಲ ಮನಸ್ಸಿಗೆ ಹೇಳುವ ಮಾತು, ಮನಸ್ಸೊಂದನ್ನು ಸರಿಮಾಡಿಕೊಂಡರೆ ಬರಹ ತಾನಾಗಿ ಸಾಗುತ್ತದೆ ಎಂಬ ನಂಬಿಕೆ. ನನ್ನ ಅನುಭವ ಬೇರೆ. ಐದು ವರ್ಷದಿಂದ ಪದಗಳ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ, ಓದುವವರು ಇನ್ನೂರು ಜನ ಇದ್ದಾರು. ಓದುಗರು ಕಡಿಮೆ ಎಂದು ಒಂದು ದಿನವೂ ಪೆನ್ನು ಕೆಳಗಿಟ್ಟಿಲ್ಲ. ನಿಲ್ಲಿಸಬೇಕು ಅನ್ನಿಸಿದ್ದು ಒಂದೇ ಸಲ. ‘ಸಾಲ’, ‘ಕಡ’, ‘ಉದ್ರಿ’ ಈ ಮೂರು ಮಾತುಗಳ ನಡುವಿನ ವ್ಯತ್ಯಾಸದ ಬಗ್ಗೆ ಒಂದು ಪ್ರಬಂಧ ಹಿಡಿದಿದ್ದೆ. ಬಯಲುಸೀಮೆಯ ನೆಂಟರಿಗೆಲ್ಲ ಫೋನ್ ಮಾಡಿ ಯಾವುದನ್ನು ಎಲ್ಲಿ ಬಳಸುತ್ತೀರಿ ಎಂದು ಕೇಳುತ್ತ ಹತ್ತು ದಿನ ಕಳೆದೆ. ಆ ಗಡಿಬಿಡಿಯಲ್ಲಿ ಔಷಧದ ಕರಪತ್ರಗಳ ಅನುವಾದವೊಂದನ್ನು ಹೇಳಿದ ದಿನಕ್ಕೆ ಕೊಡಲಾಗಲಿಲ್ಲ. ತಪ್ಪು ಪೂರ್ತಿ ನನ್ನದು. ಕೆಲಸ ಕೊಡುತ್ತಿದ್ದವರು ಮತ್ತೆ ಕೊಡಲಿಲ್ಲ. ಆ ತಿಂಗಳ ಬಾಡಿಗೆ ಕಟ್ಟಿದ್ದು ತಂಗಿ. ಪ್ರಬಂಧಕ್ಕೆ ಒಳ್ಳೆಯ ಮೆಚ್ಚುಗೆ ಬಂತು. ಅದರ ಕೊನೆಯಲ್ಲಿ ಮಾಹಿತಿ ಕೊಟ್ಟ ನೆಂಟರಿಗೆಲ್ಲ ಕೃತಜ್ಞತೆ ಹೇಳಿದ್ದೆ. ತಂಗಿಯ ಹೆಸರು ಇರಲಿಲ್ಲ.

ಇನ್ನೊಂದು ಬದಿಯಲ್ಲೂ ನಿಂತಿದ್ದೇನೆ. ಎಂ.ಎ. ಮುಗಿಸಿದ ಹೊಸತರಲ್ಲಿ ಒಂದು ಸಣ್ಣ ಪತ್ರಿಕೆಗೆ ಹಿಂದಿಯಿಂದ ಅನುವಾದ ಮಾಡಿಕೊಟ್ಟೆ. ಗೌರವಧನ ಕೊಡುತ್ತೇವೆ ಅಂದಿದ್ದರು. ಹದಿನಾಲ್ಕು ತಿಂಗಳು ಕಳೆದು ಅಂಜುತ್ತಂಜುತ್ತ ಕೇಳಿದೆ. ‘ನಿಮ್ಮಂಥವರ ಪ್ರೀತಿಯಿಂದಲೇ ಪತ್ರಿಕೆ ಉಳಿದಿರೋದು’ ಎಂದರು. ನಿಜವಾದ ಮಾತೇ. ಮುದ್ರಕರಿಗೆ ಪ್ರತಿ ತಿಂಗಳು ಸರಿಯಾಗಿ ದುಡ್ಡು ಹೋಗುತ್ತಿತ್ತು, ಯಾಕೆಂದರೆ ಕೊಡದಿದ್ದರೆ ಮುಂದಿನ ಸಂಚಿಕೆ ಅಚ್ಚಾಗುವುದಿಲ್ಲ. ಕೊಡದಿದ್ದರೂ ಮಾಡುತ್ತಾರೆ ಎಂದು ಯಾರ ಬಗ್ಗೆ ಗೊತ್ತಿದೆಯೋ ಅವರಿಗೆ ಬಾಕಿ. ಪ್ರೀತಿ ಇದ್ದವರಿಗೇ ಬಾಕಿ! ಸರಸ್ವತಿ ಪ್ರೆಸ್ಸಿನವರು ನನಗಿಂತ ಜಾಣರು, ಕೆಲಸ ನಿಲ್ಲಿಸಿದರು.

ನಮ್ಮಲ್ಲೂ ಇಂಥ ಕಥೆಗಳಿಗೆ ಬರವಿಲ್ಲ. ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು ಎಂಬುದನ್ನು ಶಾಲೆಯಲ್ಲಿ ಕೇಳಿದ್ದೇವೆ, ಭಾಷಣಗಳಲ್ಲಿ ಪ್ರತಿ ನವೆಂಬರಿನಲ್ಲಿ ಕೇಳುತ್ತೇವೆ. ಕೇಳಿ ಕಣ್ಣು ತುಂಬಿಕೊಳ್ಳುತ್ತೇವೆ. ಅವರು ಹೊತ್ತರು ಎಂಬುದು ಅವರ ದೊಡ್ಡತನ ಸರಿ, ಹೊರಬೇಕಾಗಿ ಬಂದದ್ದು ಯಾರ ಸಣ್ಣತನ? ಆ ಭಾಷಣ ಕೇಳಿ ಹೊರಬಂದವರು ಬಾಗಿಲ ಪಕ್ಕದ ಪುಸ್ತಕದ ಮೇಜಿನಲ್ಲಿ ಶೇಕಡಾ ಎಷ್ಟು ರಿಯಾಯಿತಿ ಎಂದು ಚೌಕಾಸಿ ಮಾಡುವುದನ್ನು ನೋಡಿದ್ದೇನೆ. ನಾನೂ ಮಾಡಿದ್ದೇನೆ.

ಬನಾರಸಿನಲ್ಲೇ ಇದಕ್ಕೆ ಇನ್ನೊಂದು ಉದಾಹರಣೆ ಇದೆ, ಅದನ್ನು ಯಾರೂ ಸ್ಫೂರ್ತಿಯ ಕಥೆಯಾಗಿ ಹೇಳುವುದಿಲ್ಲ. 1893ರಲ್ಲಿ ಶ್ಯಾಮಸುಂದರ ದಾಸ್ ಮತ್ತು ಅವರ ಗೆಳೆಯರು ಇನ್ನೂ ವಿದ್ಯಾರ್ಥಿಗಳಾಗಿದ್ದಾಗ ಕಾಶಿ ನಾಗರೀ ಪ್ರಚಾರಿಣೀ ಸಭೆ ಕಟ್ಟಿದರು. ಮುಂದೆ ಆ ಸಭೆ ‘ಹಿಂದೀ ಶಬ್ದಸಾಗರ’ ಎಂಬ ದೊಡ್ಡ ನಿಘಂಟಿಗೆ ಕೈಹಾಕಿತು. ಅದು ಪೂರ್ತಿಯಾಗಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು, 1929ಕ್ಕೆ ಮುಗಿಯಿತು. ನಿಘಂಟಿನ ಕೆಲಸಕ್ಕಿಂತ ನಿಧಾನದ ಕೆಲಸ ಇನ್ನೊಂದಿಲ್ಲ. ಭಾಷಾಶಾಸ್ತ್ರ ಓದುವಾಗ ಒಂದು ಸಣ್ಣ ಪದಕೋಶದ ಕೆಲಸಕ್ಕೆ ಚೀಟಿ ಬರೆದಿದ್ದೇನೆ. ಒಂದು ಕ್ರಿಯಾಪದದ ಅರ್ಥಗಳನ್ನು ಬೇರ್ಪಡಿಸುವುದರಲ್ಲಿ ವಾರ ಹೋಗುತ್ತದೆ, ಸಂಜೆ ತಿರುಗಿ ನೋಡಿದರೆ ಮಾಡಿದ್ದು ಏನೂ ಕಾಣುವುದಿಲ್ಲ. ಈ ಕೆಲಸಕ್ಕೆ ಸಹಾಯಕ ಸಂಪಾದಕರಾಗಿ ಮಿರ್ಜಾಪುರದಿಂದ ಒಬ್ಬ ಡ್ರಾಯಿಂಗ್ ಮಾಸ್ತರರು ಬನಾರಸಿಗೆ ಬಂದರು. ಅವರು ರಾಮಚಂದ್ರ ಶುಕ್ಲ. ನಿಘಂಟು ಮುಗಿಯುವ ಹೊತ್ತಿಗೆ ಅದಕ್ಕೆ ಮುನ್ನುಡಿಯ ಭಾಗವಾಗಿ ಹಿಂದಿ ಸಾಹಿತ್ಯ ಬೆಳೆದು ಬಂದ ಬಗೆಯನ್ನು ಬರೆದರು. ಅದೇ ‘ಹಿಂದೀ ಸಾಹಿತ್ಯ ಕಾ ಇತಿಹಾಸ್’ ಎಂಬ ಪುಸ್ತಕವಾಯಿತು. ಇಂದಿಗೂ ಹಿಂದಿ ಎಂ.ಎ. ವಿದ್ಯಾರ್ಥಿಗಳಿಗೆ ಅದರಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ.

ಶುಕ್ಲರಿಗೆ ತಾಳ್ಮೆ ಇತ್ತು, ನಿಜ. ಆದರೆ ತಾಳ್ಮೆಯನ್ನು ಅವರೊಬ್ಬರೇ ಮನೆಯಲ್ಲಿ ಕೂತು ಬೆಳೆಸಿಕೊಳ್ಳಬೇಕಾಗಿರಲಿಲ್ಲ. ಒಂದು ಕಚೇರಿ ಇತ್ತು, ನಾಳೆ ಮಾಡಬೇಕಾದ ಚೀಟಿಗಳು ಮೇಜಿನ ಮೇಲಿದ್ದವು, ಪಕ್ಕದಲ್ಲಿ ಅದೇ ಕೆಲಸ ಮಾಡುವ ಇನ್ನು ಕೆಲವರಿದ್ದರು, ಚಂದಾ ಎತ್ತಿ ಹಣ ಹೊಂದಿಸುವ ಒಂದು ಸಭೆ ಇತ್ತು. ಹಾಗಿದ್ದರೆ ಇಪ್ಪತ್ತು ವರ್ಷ ಕಾಯಬಹುದು. ಇವತ್ತು ಒಂಟಿಯಾಗಿ ಬರೆಯುವವರಿಗೆ ನಾವು ಶುಕ್ಲರ ತಾಳ್ಮೆಯನ್ನು ಬೋಧಿಸುತ್ತೇವೆ, ಸಭೆಯ ಮಾತು ಎತ್ತುವುದಿಲ್ಲ.

ಇದಕ್ಕೆ ಎದುರು ಮಾತು ಇದೆ, ಅದನ್ನು ನುಂಗಿಕೊಂಡು ಮುಂದೆ ಹೋದರೆ ಮೋಸವಾಗುತ್ತದೆ. ಎಲ್ಲರೂ ದೊಡ್ಡಮ್ಮನ ಹಾಗೆ ಲೆಕ್ಕ ಕೇಳಿದ್ದರೆ ‘ಹಂಸ’ ಹುಟ್ಟುತ್ತಲೇ ಇರಲಿಲ್ಲ. 1935ರಲ್ಲಿ ಪ್ರೇಮಚಂದ್ ಬಾಂಬೆಯ ಒಪ್ಪಂದದ ವರ್ಷ ತುಂಬುವ ಮೊದಲೇ ಬನಾರಸಿಗೆ ವಾಪಸಾದರು. ಆ ವರ್ಷ ‘ಹಂಸ’ ಭಾರತೀಯ ಸಾಹಿತ್ಯ ಪರಿಷತ್ತಿನ ಕೈಗೆ ಹೋಯಿತು. 1936ರಲ್ಲಿ ಅದರಲ್ಲಿ ಬಂದ ಒಂದು ನಾಟಕದ ಕಾರಣ ಸರ್ಕಾರ ಜಾಮೀನು ಹಣ ಕೇಳಿದಾಗ ಪರಿಷತ್ತು ಪತ್ರಿಕೆ ನಿಲ್ಲಿಸಲು ಹೊರಟಿತು. ಪ್ರೇಮಚಂದ್ ಆಗ ಹಾಸಿಗೆ ಹಿಡಿದಿದ್ದರು. ಜಾಮೀನು ತಾವೇ ಕಟ್ಟಿಸಿ ಪತ್ರಿಕೆಯನ್ನು ಉಳಿಸಿಕೊಂಡರು. ಸೆಪ್ಟೆಂಬರಿನ ಸಂಚಿಕೆಯಲ್ಲಿ ‘ಮಹಾಜನೀ ಸಭ್ಯತಾ’ ಎಂಬ ಲೇಖನ ಬರೆದರು. ಎಲ್ಲವನ್ನೂ ದುಡ್ಡಿನಿಂದಲೇ ಅಳೆಯುವ ಸಾಹುಕಾರಿ ನಾಗರಿಕತೆಯ ಮೇಲೆ ಅವರು ಎತ್ತಿದ ಕೊನೆಯ ದನಿ ಅದು. ಅಕ್ಟೋಬರ್ 8ಕ್ಕೆ ತೀರಿಕೊಂಡರು, ಐವತ್ತಾರು ವರ್ಷ. ಇದನ್ನು ಓದುವಾಗ ನನ್ನ ಲೆಕ್ಕದ ಪುಸ್ತಕ ನಾಚಿಕೆಯಿಂದ ಮುಚ್ಚಿಕೊಳ್ಳುತ್ತದೆ. ಆದರೂ ಆ ಜಾಮೀನು ಹಣವೂ ಯಾವುದೋ ಮನೆಯ ಖರ್ಚಿನಿಂದಲೇ ಬಂದಿರಬೇಕಲ್ಲ. ಆ ಮನೆ ನಡೆಸಿದ ಶಿವರಾನಿ ದೇವಿ ತಾವೇ ಕಥೆಗಾರ್ತಿ, ‘ಪ್ರೇಮಚಂದ್ ಘರ್ ಮೇ’ ಎಂದು ಒಂದು ಪುಸ್ತಕ ಬರೆದಿದ್ದಾರೆ. ಪ್ರೇಮಚಂದರ ಮನೆಯೊಳಗನ್ನು ತೋರಿಸುವ ಪುಸ್ತಕ. ದೊಡ್ಡಮ್ಮ ಕೇಳಿದ್ದರ ಉತ್ತರಕ್ಕೆ ಅದರ ಬಾಗಿಲನ್ನೇ ತಟ್ಟಬೇಕು.

ತ್ಯಾಗ ಬೇಡ ಎಂದಲ್ಲ. ನನ್ನದನ್ನು ನಾನು ತ್ಯಾಗ ಮಾಡಬಹುದು. ತಂಗಿಯದನ್ನು, ಮೊಳೆ ಜೋಡಿಸುವವನದನ್ನು ನಾನು ತ್ಯಾಗ ಮಾಡುವ ಹಾಗಿಲ್ಲ. ಬಿಡದೆ ಬರೆಯಬೇಕು ಎಂಬ ಹಟ ಇರುವವರು ಮೊದಲು ಒಂದು ಹಾಳೆ ತೆಗೆದುಕೊಂಡು ತಮ್ಮ ಹಟದ ಖರ್ಚು ಯಾರ ಯಾರ ಲೆಕ್ಕಕ್ಕೆ ಬೀಳುತ್ತಿದೆ ಎಂದು ಬರೆದು ನೋಡಲಿ. ನಾನು ಬರೆದು ನೋಡಿದೆ. ತಂಗಿಯ ಬಾಡಿಗೆ ತೀರಿಸಿದೆ. ಪ್ರಬಂಧದ ಕೆಲಸ ವಾರಕ್ಕೆ ಮೂರು ಬೆಳಗ್ಗೆ ಮಾತ್ರ, ಉಳಿದದ್ದು ಹೊಟ್ಟೆಪಾಡಿಗೆ ಎಂದು ಗೆರೆ ಎಳೆದೆ. ವೇಗ ಅರ್ಧಕ್ಕೆ ಇಳಿದಿದೆ. ಆದರೆ ನಿಲ್ಲಿಸಬೇಕು ಎಂಬ ಯೋಚನೆ ಮತ್ತೆ ಬಂದಿಲ್ಲ.

ಆ ಹಾಳೆಯಲ್ಲಿ ಇನ್ನೊಂದು ಹೆಸರು ಇತ್ತು. ನನ್ನ ಪ್ರಬಂಧಗಳ ಕಾಗುಣಿತ ತಿದ್ದಿಕೊಡುವ ಒಬ್ಬ ನಿವೃತ್ತ ಕನ್ನಡ ಮೇಡಂ ಇದ್ದಾರೆ. ಐದು ವರ್ಷದಿಂದ ಒಂದು ಪೈಸೆ ತೆಗೆದುಕೊಂಡಿಲ್ಲ, ನಾನು ಕೊಡಲೂ ಇಲ್ಲ. ಇನ್ನು ಮುಂದೆ ಪ್ರತಿ ಪ್ರಬಂಧಕ್ಕೆ ಇಷ್ಟು ಅಂತ ಕೊಡುತ್ತೇನೆ ಮೇಡಂ, ಬೇಡ ಅನ್ನಬಾರದು ಎಂದು ಹೋದ ತಿಂಗಳು ಫೋನ್ ಮಾಡಿದೆ. ಬೇಡ ಅನ್ನುತ್ತಾರೆ, ನಾನು ಬಲವಂತ ಮಾಡಬೇಕಾಗುತ್ತದೆ ಎಂದು ಸಿದ್ಧವಾಗಿದ್ದೆ.

‘ಆಗಲಿ,’ ಅಂದರು. ಆಮೇಲೆ ಒಂದು ಕ್ಷಣ ಬಿಟ್ಟು, ‘ಹಿಂದಿನ ಐದು ವರ್ಷದ್ದು?’

ಕಂತಿನಲ್ಲಿ ಕೊಡುತ್ತಿದ್ದೇನೆ. ಇನ್ನು ಹನ್ನೊಂದು ಕಂತು ಬಾಕಿ ಇದೆ.