ಹೊಟ್ಟೆಗೆ ಹಿಟ್ಟು ಕೇಳಿದರೆ ಹಿತೋಪದೇಶ

ಕಾಲೇಜು ತೆರೆಯುವ ಕಾಲ ಬಂತೆಂದರೆ ಪಟ್ಟಣದ ಪಂಡಿತರಿಗೆ ಬಡ ವಿದ್ಯಾರ್ಥಿಯ ಹೊಟ್ಟೆಯ ನೆನಪಾಗುತ್ತದೆ. ಕಡಿಮೆ ಖರ್ಚಿನಲ್ಲಿ ಪೌಷ್ಟಿಕ ಆಹಾರ ತಿನ್ನುವುದು ಹೇಗೆ ಎಂಬ ಉಪದೇಶ ಸುರಿಯತೊಡಗುತ್ತದೆ. ಮೊಟ್ಟೆ ತಿನ್ನಿ, ಮೊಳಕೆ ಕಾಳು ತಿನ್ನಿ, ಸಿರಿಧಾನ್ಯ ಬಳಸಿ, ಹೋಟೆಲು ಬಿಟ್ಟು ನೀವೇ ಬೇಯಿಸಿಕೊಳ್ಳಿ. ಉಪದೇಶಕ್ಕೆ ತೆರಿಗೆಯಿಲ್ಲ, ಕೊಡುವವರ ಜೇಬಿನಿಂದ ಕಾಸೂ ಹೋಗುವುದಿಲ್ಲ.

ಈ ಪಾಠ ಹನಗೋಡಿಗೆ ಬೇಕಾಗಿಲ್ಲ. ಲಕ್ಷ್ಮಣತೀರ್ಥದ ದಡದ ಈ ಹೋಬಳಿಯಲ್ಲಿ ರಾಗಿ ಹಿಟ್ಟು, ಹುರುಳಿ ಸಾರು, ಸೊಪ್ಪಿನ ಬಸ್ಸಾರು, ಮಾಗಿಯಲ್ಲಿ ಅವರೆಕಾಳು ತಲೆಮಾರುಗಳಿಂದ ಇವೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ನೂರು ಗ್ರಾಂ ಹುರುಳಿಯಲ್ಲಿ ಇಪ್ಪತ್ತು ಗ್ರಾಂಗೂ ಮೇಲೆ ಪ್ರೋಟೀನು. 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಕೇಂದ್ರ ಆಹಾರ ಸಂಶೋಧನಾಲಯ, ಕಡಲೆಕಾಯಿ ಹಿಟ್ಟಿಗೆ ಕಡಲೆ ಹಿಟ್ಟು ಬೆರೆಸಿ ಬಡವರ ಪುಷ್ಟಿಗೆಂದೇ ಅಗ್ಗದ ಆಹಾರ ಮಾಡಿ ತೋರಿಸಿತು. ಏನು ತಿನ್ನಬೇಕೆಂಬುದು ತಾಯಂದಿರಿಗೂ ಗೊತ್ತು, ವಿಜ್ಞಾನಿಗಳಿಗೂ ಗೊತ್ತು. ಅದು ವಿದ್ಯಾರ್ಥಿಯ ತಟ್ಟೆಗೆ ಬೀಳುವಂತೆ ಮಾಡುವ ಮನಸ್ಸು ಮಾತ್ರ ಆಳುವವರಿಗೆ ಇಲ್ಲ.

ಹನಗೋಡಿನ ಕಡೆಯಿಂದ ಮೈಸೂರಿಗೆ ಓದಲು ಹೋಗುವವರು ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಬೇಯುವ ಕೂಲಿಕಾರರ ಮಕ್ಕಳು, ಒಂದೆರಡು ಎಕರೆಯ ರೈತರ ಮಕ್ಕಳು, ನಾಗರಹೊಳೆಯ ಅಂಚಿನ ಹಾಡಿಗಳ ಮಕ್ಕಳು. ಹಾಸ್ಟೆಲಿನಲ್ಲಿ ಜಾಗ ಸಿಗದಿದ್ದರೆ ಬಾಡಿಗೆ ಕೋಣೆ ಹುಡುಕಬೇಕು. ಮನೆಯೊಡೆಯ ಮೊದಲು ಕೇಳುವುದು ಜಾತಿ. ಆಮೇಲೆ ಹೇಳುವುದು, ಮೊಟ್ಟೆ ಮಾಂಸ ಬೇಯಿಸಕೂಡದು ಎಂದು. ಮೊಟ್ಟೆ ತಿನ್ನು ಎನ್ನುವ ಪಂಡಿತರೂ ಬೇಯಿಸಬೇಡ ಎನ್ನುವ ಮನೆಯೊಡೆಯರೂ ಒಂದೇ ಬೀದಿಯವರು! ಮೊದಲು ಇವರಿಬ್ಬರು ತಮ್ಮ ವ್ಯಾಜ್ಯ ತೀರಿಸಿಕೊಳ್ಳಲಿ.

ಮೈಸೂರಿನಲ್ಲಿ ವಿದ್ಯಾರ್ಥಿಯ ಅನ್ನಕ್ಕೆ ಒಂದು ಚರಿತ್ರೆಯಿದೆ. ಮೊದಲು ವಾರಾನ್ನವಿತ್ತು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅದು ದಯೆಯ ಅನ್ನ. ಆ ದಯೆಯೂ ಮೇಲುಜಾತಿಯ ಹುಡುಗನಿಗೇ ಮೀಸಲಾಗಿತ್ತು. ದಲಿತರ ಹುಡುಗನಿಗೆ ಯಾವ ವಾರದಲ್ಲೂ ಬಾಗಿಲು ತೆರೆಯುತ್ತಿರಲಿಲ್ಲ. ಬಳಿಕ ಜಾತಿಗೊಂದು ಹಾಸ್ಟೆಲು ಬಂದು ಸಾವಿರಾರು ಹಳ್ಳಿ ಹುಡುಗರನ್ನು ಓದಿಸಿತು. ಅದು ಜಾತಿಯ ಅನ್ನ. 1972ರಲ್ಲಿ ಮುಖ್ಯಮಂತ್ರಿಯಾದ ನಮ್ಮ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು, ಹಿಂದುಳಿದವರಿಗೆ ಸರಕಾರಿ ಹಾಸ್ಟೆಲುಗಳ ಬಾಗಿಲು ಅಗಲವಾಗಿ ತೆರೆದರು. ಕಾಂಗ್ರೆಸ್ಸಿನವರು ಎಂಬ ಕಾರಣಕ್ಕೆ ನಾವು ಅದನ್ನು ಅಲ್ಲಗಳೆಯುವುದಿಲ್ಲ. ಹಕ್ಕಿನ ಅನ್ನದ ಕಡೆಗೆ ಅದು ಒಂದು ಹೆಜ್ಜೆ. ಪ್ರಶ್ನೆ ಇಷ್ಟೇ: ಎರಡನೆಯ ಹೆಜ್ಜೆ ಎಲ್ಲಿ?

ವಿದ್ಯಾಸಿರಿ ಎನ್ನುವರು. ಹಾಸ್ಟೆಲು ಸಿಗದವರ ಊಟಕ್ಕೂ ವಸತಿಗೂ ಸೇರಿ 2013-14ರಲ್ಲಿ ಗೊತ್ತುಮಾಡಿದ ಮೊತ್ತ ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು. ಅಂದರೆ ದಿನಕ್ಕೆ 50 ರೂಪಾಯಿ. ಅರ್ಧ ಬಾಡಿಗೆಗೆ ಹೋದರೆ ಉಳಿದದ್ದು 25; ಮೂರು ಹೊತ್ತಿಗೆ ಹಂಚಿದರೆ ಹೊತ್ತಿಗೆ ಎಂಟು ರೂಪಾಯಿ ಚಿಲ್ಲರೆ. 2017ರಲ್ಲಿ ಇಂದಿರಾ ಕ್ಯಾಂಟೀನು ತೆರೆದಾಗ, ಸರಕಾರವೇ ಕೈಯಿಂದ ಹಾಕಿ ಕೊಟ್ಟ ಊಟದ ಬೆಲೆ ಹತ್ತು ರೂಪಾಯಿ! ಉಳಿದೆರಡು ತಿಂಗಳು ಹುಡುಗನಿಗೆ ಹಸಿವಾಗುವುದಿಲ್ಲವೆಂದು ಯಾವ ವೈದ್ಯರು ಬರೆದುಕೊಟ್ಟರು? 1963ರಲ್ಲಿ ಲೋಕಸಭೆಯಲ್ಲಿ ಲೋಹಿಯಾ ಬಡವನ ದಿನದ ಪಾಲು ಮೂರಾಣೆ ಎಂದರು, ನೆಹರೂ ಹದಿನೈದಾಣೆ ಎಂದರು. ಆಣೆ ಹೋಯಿತು, ಆ ವಾದ ಹೋಗಿಲ್ಲ.

ಹತ್ತನೆಯ ತರಗತಿಯವರೆಗೆ ಬಿಸಿಯೂಟ ಹಾಕುವ ಸರಕಾರ ಅಲ್ಲಿಗೆ ಕೈ ತೊಳೆದುಕೊಳ್ಳುತ್ತದೆ. ಹದಿನಾರು ದಾಟಿದವರಿಗೆ ಹಸಿವು ದೊಡ್ಡದಾಗುತ್ತದೆಯೇ ಹೊರತು ಚಿಕ್ಕದಾಗುವುದಿಲ್ಲ.

ಹಣವೆಲ್ಲಿ ಎಂದು ಕೇಳುವವರಿಗೆ ನಮ್ಮ ಲೆಕ್ಕ ಇದು. 2024-25ರ ಹಂಗಾಮಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,290 ರೂಪಾಯಿ. ಎರಡು ಮುದ್ದೆಗೆ ಕಾಲು ಕಿಲೋ ಎಂದರೂ ರಾಗಿಗೆ ಹನ್ನೊಂದು ರೂಪಾಯಿ ಮುಟ್ಟುವುದಿಲ್ಲ. ನೂರು ಕೋಣೆಗಳಲ್ಲಿ ನೂರು ಒಲೆ ಉರಿಸಿದರೆ ಖರ್ಚು ಹೆಚ್ಚು, ಓದುವ ಹೊತ್ತೂ ಹಾಳು. ನೂರು ಮಂದಿಗೆ ಒಂದೇ ಒಲೆಯಾದರೆ ಹುರುಳಿ ಸಾರೂ ಸೊಪ್ಪೂ ಮೊಟ್ಟೆಯೂ ಅದೇ ದುಡ್ಡಿನಲ್ಲಿ ಗಿಟ್ಟುತ್ತವೆ.

ಆದ್ದರಿಂದ ನಮ್ಮ ಬೇಡಿಕೆಗಳು ಮೂರು. ಒಂದು: ಅರ್ಜಿ ಹಾಕಿದ ಪ್ರತಿ ಬಡ ವಿದ್ಯಾರ್ಥಿಗೂ ಹಾಸ್ಟೆಲು, ಅದು ಆಗುವ ತನಕ ಹನ್ನೆರಡು ತಿಂಗಳೂ ಭತ್ಯೆ. ಭತ್ಯೆ ಏರಬೇಕಾದದ್ದು ಮಂತ್ರಿಯ ಮರ್ಜಿಯಿಂದಲ್ಲ, ಮಾರುಕಟ್ಟೆಯ ಬೆಲೆಗೆ ತಕ್ಕಂತೆ. ಎರಡು: ಹುಣಸೂರು ಮೈಸೂರುಗಳ ಕಾಲೇಜುಗಳಲ್ಲಿ ವಿದ್ಯಾರ್ಥಿಗಳೇ ಲೆಕ್ಕ ನೋಡುವ ಸಹಕಾರಿ ಊಟದ ಮನೆ, ಅಲ್ಲಿ ಎಲ್ಲ ಜಾತಿಗೂ ಒಂದೇ ಪಂಕ್ತಿ. ಮೂರು: ಅದಕ್ಕೆ ಬೇಕಾದ ರಾಗಿ, ಹುರುಳಿ, ಅವರೆ ನೇರವಾಗಿ ಹನಗೋಡಿನಂಥ ಹೋಬಳಿಗಳ ರೈತರಿಂದ, ದಲ್ಲಾಳಿಯ ಕೈ ಸೋಕದೆ, ಬೆಂಬಲ ಬೆಲೆಗೆ ಕಡಿಮೆಯಿಲ್ಲದೆ ಖರೀದಿ.

ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಜುಟ್ಟಿಗೆ ಮಲ್ಲಿಗೆ ಮುಡಿಸುವ ಉಪದೇಶಕರು ಇನ್ನು ಬಾಯಿ ಮುಚ್ಚಲಿ. ಹನಗೋಡಿನ ತಂದೆತಾಯಿಗಳೇ, ಮುಂದಿನ ಗ್ರಾಮಸಭೆಯಲ್ಲಿ ಈ ಮೂರು ಬೇಡಿಕೆಗಳನ್ನು ಠರಾವು ಮಾಡಿಸಿ. ಮತ ಕೇಳಲು ಬಂದವರ ಮುಂದೆ ಅದನ್ನೇ ಇಡಿ. ವಿದ್ಯಾರ್ಥಿಗಳೇ, ಅರೆಹೊಟ್ಟೆಯನ್ನು ನಾಚಿಕೆಯೆಂದು ಬಚ್ಚಿಡಬೇಡಿ. ನಾಚಬೇಕಾದವರು ನೀವಲ್ಲ.